ಅನ್ನ ಬಿಟ್ಟು ಸೂಪ್ ಕುಡಿದರೂ ರಾತ್ರಿ ಹತ್ತಕ್ಕೆ ಹಸಿವು ಏಕೆ?

ಪ್ರಶ್ನೆ: ನನಗೆ 46 ವರ್ಷ, ದಾವಣಗೆರೆಯಲ್ಲಿದ್ದೇವೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ಒಂದನ್ನೇ ತೆಗೆದುಕೊಳ್ಳುತ್ತಿದ್ದೇನೆ. ಕಳೆದ ಸಲ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 7.6 ಬಂತು. ರಾತ್ರಿ ಅನ್ನ, ಮುದ್ದೆ ಕಡಿಮೆ ಮಾಡಿ ಎಂದು ಡಾಕ್ಟರ್ ಹೇಳಿದರು. ಅದಕ್ಕೆ ದಿನಾ ರಾತ್ರಿ ತರಕಾರಿ ಸೂಪ್ ಮಾಡಿಕೊಳ್ಳುತ್ತೇನೆ. ಒಂದು ಆಲೂಗಡ್ಡೆ, ಒಂದು ಕ್ಯಾರೆಟ್, ಒಂದು ಹಿಡಿ ಸ್ವೀಟ್ ಕಾರ್ನ್ ಬೇಯಿಸಿ, ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ ಕಲಸಿ ಹಾಕುತ್ತೇನೆ. ಆದರೆ ಹತ್ತು ಗಂಟೆಗೆಲ್ಲ ಹಸಿವು ತಡೆಯೋಕಾಗಲ್ಲ, ಖಾರ ಮಂಡಕ್ಕಿ ತಿಂದುಬಿಡುತ್ತೇನೆ. ಬೆಳಿಗ್ಗೆ ಶುಗರ್ ಇಳಿದಿಲ್ಲ. ಮನೆಯಲ್ಲಿ ನಾನು, ನನ್ನ ಗಂಡ ಮೊಟ್ಟೆ, ಕೋಳಿ ತಿನ್ನುತ್ತೇವೆ. ಅತ್ತೆಗೆ 72 ವರ್ಷ, ಅವರು ಸಸ್ಯಾಹಾರಿ. ಮೂವರಿಗೂ ಆಗುವ, ಹೊಟ್ಟೆ ತುಂಬುವ, ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆಯ ಅಂಶ) ಕಡಿಮೆ ಇರುವ ಸೂಪ್ ಹೇಳಿಕೊಡಿ.

ಉತ್ತರ: ನೀವು ಅನ್ನ ಬಿಟ್ಟಿದ್ದೀರಿ, ಆದರೆ ಅನ್ನದಲ್ಲಿದ್ದ ಪಿಷ್ಟ ಬೇರೆ ವೇಷದಲ್ಲಿ ನಿಮ್ಮ ಬಟ್ಟಲಿಗೆ ವಾಪಸ್ ಬಂದಿದೆ. ಮೊದಲು ಅದನ್ನು ಲೆಕ್ಕ ಹಾಕೋಣ.

ಮಧ್ಯಮ ಗಾತ್ರದ ಆಲೂಗಡ್ಡೆ ಸುಮಾರು 100 ಗ್ರಾಂ. ಅದರಲ್ಲಿ ಕಾರ್ಬೋಹೈಡ್ರೇಟ್ 17 ಗ್ರಾಂ. ಒಂದು ಹಿಡಿ ಸ್ವೀಟ್ ಕಾರ್ನ್‌ನಲ್ಲಿ 9 ಗ್ರಾಂ, ಕ್ಯಾರೆಟ್‌ನಲ್ಲಿ 6 ಗ್ರಾಂ. ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ ಎಂದರೆ ಇನ್ನೊಂದು 14 ಗ್ರಾಂ. ಕಾರ್ನ್‌ಫ್ಲೋರ್ ಬಹುತೇಕ ಶುದ್ಧ ಪಿಷ್ಟವೇ. ಒಟ್ಟು 46 ಗ್ರಾಂ ಆಯಿತು. 100 ಗ್ರಾಂ ಬೆಂದ ಅನ್ನದಲ್ಲಿ ಸುಮಾರು 28 ಗ್ರಾಂ ಇರುತ್ತದೆ. ಅಂದರೆ ನಿಮ್ಮ ಸೂಪಿನಲ್ಲಿ ಒಂದು ಬಟ್ಟಲು ತುಂಬ ಅನ್ನದಷ್ಟು ಕಾರ್ಬ್ ಇದೆ. ಆಮೇಲೆ ಮಂಡಕ್ಕಿ. ಅದು ಅಕ್ಕಿಯನ್ನೇ ಹುರಿದು ಅರಳಿಸಿದ್ದು, ಹಗುರ ಎಂಬುದು ಕೈಗೆ ಮಾತ್ರ. 30 ಗ್ರಾಂ ಮಂಡಕ್ಕಿಯಲ್ಲಿ 25 ಗ್ರಾಂ ಕಾರ್ಬ್ ಸುಲಭವಾಗಿ ಇರುತ್ತದೆ.

ಇನ್ನು ಆ ಸೂಪಿನಲ್ಲಿರುವ ಪ್ರೋಟೀನ್ ಎಷ್ಟು? ಸುಮಾರು 4 ಗ್ರಾಂ. ಒಂದು ಮೊಟ್ಟೆಯಲ್ಲಿರುವುದಕ್ಕಿಂತ ಕಡಿಮೆ. ನಿಮ್ಮ ಹಸಿವಿಗೆ ಕಾರಣ ಇಲ್ಲಿದೆ. ಕಾರ್ನ್‌ಫ್ಲೋರ್‌ನಿಂದ ಸೂಪ್ ಗಟ್ಟಿಯಾಗಿ ಕಾಣುತ್ತದೆ, ನಾಲಿಗೆಗೂ ತುಂಬಿದ ಹಾಗೆ ಅನ್ನಿಸುತ್ತದೆ. ಆದರೆ ಆ ಪಿಷ್ಟ ಬೇಗ ಜೀರ್ಣವಾಗಿ ರಕ್ತಕ್ಕೆ ಸೇರಿಬಿಡುತ್ತದೆ. ಗಂಟೆಗಟ್ಟಲೆ ಹಸಿವನ್ನು ತಡೆದು ಹಿಡಿಯುವುದು ಪ್ರೋಟೀನ್, ಅದರ ಜೊತೆಗೆ ನಾರು, ಸ್ವಲ್ಪ ಕೊಬ್ಬು.

ಸೂಪ್ ಕುಡಿದರೆ ಹಸಿವು ಕಡಿಮೆಯಾಗುತ್ತದೆ ಎಂದು ಎಲ್ಲೋ ಓದಿರುತ್ತೀರಿ. ಅದು ಸುಳ್ಳಲ್ಲ. 2007ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಒಂದು ಅಧ್ಯಯನ ಪ್ರಕಟವಾಯಿತು. ಮಧ್ಯಾಹ್ನದ ಊಟಕ್ಕೆ ಮುಂಚೆ ಸೂಪ್ ಕುಡಿದವರು, ಆ ಸೂಪಿನ ಕ್ಯಾಲೊರಿಯನ್ನೂ ಸೇರಿಸಿದರೆ ಒಟ್ಟು ಸುಮಾರು 20% ಕಡಿಮೆ ತಿಂದರು. ತಿಳಿ ಸಾರು, ತರಕಾರಿ ಬೇರೆ ಬೇರೆಯಾಗಿ, ಹೋಳಿರುವ ಸೂಪ್, ನುಣ್ಣಗೆ ರುಬ್ಬಿದ ಸೂಪ್, ಎಲ್ಲವನ್ನೂ ಕೊಟ್ಟು ನೋಡಿದರು. ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಗಮನಿಸಿ, ಅವರು ಸೂಪಿನ ಹಿಂದೆಯೇ ಊಟ ಮಾಡಿದ್ದರು. ನೀವು ಸೂಪನ್ನೇ ಊಟ ಮಾಡಿಕೊಂಡಿದ್ದೀರಿ. ಹಾಗಿದ್ದ ಮೇಲೆ ಊಟದಲ್ಲಿ ಇರಬೇಕಾದದ್ದೆಲ್ಲ ಆ ಬಟ್ಟಲಿನಲ್ಲೇ ಇರಬೇಕಲ್ವಾ? ತರಕಾರಿ ನೀರಿಗೆ ಕಾಳು ಮೆಣಸು ಹಾಕಿದರೆ ಅದು ಊಟವಾಗುವುದಿಲ್ಲ.

ಆದ್ದರಿಂದ ಸೂಪ್ ಮಾಡುವಾಗ ಮೊದಲು ಯೋಚಿಸಬೇಕಾದದ್ದು ಇವತ್ತು ಪ್ರೋಟೀನ್ ಎಲ್ಲಿಂದ ಬರುತ್ತದೆ ಎಂದು. ಯಾವ ತರಕಾರಿ ಎಂಬುದು ಆಮೇಲಿನ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದ ಪ್ರಕಾರ ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ ಇದು 50 ಗ್ರಾಂ. ರಾತ್ರಿ ಊಟದ ಪಾಲು 20 ಗ್ರಾಂ ಇರಲಿ. ಕಾರ್ಬ್ 15ರಿಂದ 20 ಗ್ರಾಂ ಇದ್ದರೆ ಸಾಕಷ್ಟು ಕಡಿಮೆಯೇ. ಸೊನ್ನೆಗೆ ಇಳಿಸುವ ಹಟ ಬೇಡ. ದಿನಕ್ಕೆ 130 ಗ್ರಾಂಗಿಂತ ಕಡಿಮೆ ಇದ್ದರೆ ಅದನ್ನು ಸಾಮಾನ್ಯವಾಗಿ ಕಡಿಮೆ ಕಾರ್ಬ್ ಊಟ ಎನ್ನುತ್ತಾರೆ. ಕಾರ್ಬನ್ನು ಬಹುತೇಕ ಬಿಟ್ಟೇಬಿಡುವ ಕೀಟೋ ಪದ್ಧತಿ ಅದಕ್ಕಿಂತ ಎಷ್ಟೋ ಕಠಿಣ, ನಿಮ್ಮ ಡಾಕ್ಟರ್ ಹೇಳಿದ್ದು ಅದಲ್ಲ.

ಇಲ್ಲಿ ಒಂದು ಮಾತು ಬಂದೇ ಬರುತ್ತದೆ: "ಬೇಳೆ ಹಾಕಿದರೆ ಆಯ್ತಲ್ಲ, ಬೇಳೆ ಪ್ರೋಟೀನ್ ತಾನೆ?" ಬೇಳೆಯಲ್ಲಿ ಪ್ರೋಟೀನ್ ಇದೆ, ನಿಜ. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ. ಆದರೆ ಅದೇ ಬೇಳೆಯಲ್ಲಿ ಕಾರ್ಬ್ 55 ಗ್ರಾಂಗೂ ಮೇಲಿದೆ. ಬರೀ ಬೇಳೆಯಿಂದ 20 ಗ್ರಾಂ ಪ್ರೋಟೀನ್ ಬೇಕೆಂದರೆ ಕಾರ್ಬ್ 50 ಗ್ರಾಂ ದಾಟುತ್ತದೆ. ಹುರುಳಿಕಾಳು, ಹೆಸರುಬೇಳೆ, ಕಡಲೆಬೇಳೆ ಎಲ್ಲದರ ಕಥೆಯೂ ಹೆಚ್ಚುಕಡಿಮೆ ಇದೇ. ಹಾಗಂತ ಬೇಳೆಯನ್ನು ಮನೆಯಿಂದ ಓಡಿಸಬೇಡಿ. ಅದರಲ್ಲಿರುವ ನಾರಿನಿಂದಾಗಿ ಶುಗರ್ ಅನ್ನ ತಿಂದಷ್ಟು ಜೋರಾಗಿ ಏರುವುದಿಲ್ಲ. ಮಧ್ಯಾಹ್ನ ಅನ್ನದ ಪಾಲು ಕಡಿಮೆ ಮಾಡಿ ಬೇಳೆ ಜಾಸ್ತಿ ಹಾಕಿಕೊಂಡರೆ ಬಹಳ ಒಳ್ಳೆಯದು. ರಾತ್ರಿಯ ಸೂಪಿಗೆ ತಲೆಗೆ ಒಂದು ಹಿಡಿಯಷ್ಟು, ಅಂದರೆ 25 ಗ್ರಾಂ ಹಾಕಿದರೆ 14-15 ಗ್ರಾಂ ಕಾರ್ಬ್, ಐದೂವರೆ ಗ್ರಾಂ ಪ್ರೋಟೀನ್ ಬರುತ್ತದೆ. ಆ ದಿನ ಈರುಳ್ಳಿ, ಕ್ಯಾರೆಟ್ ಕಡಿಮೆ ಮಾಡಿ. ಉಳಿದ ಪ್ರೋಟೀನ್ ಮೊಟ್ಟೆ, ಪನೀರ್, ಕೋಳಿಯಿಂದ ಬರಲಿ.

ಈಗ ಅಡುಗೆ ಮನೆಗೆ ಬರೋಣ. ನಿಮ್ಮ ಮನೆಯಲ್ಲಿ ಒಬ್ಬರು ಸಸ್ಯಾಹಾರಿ ಇರುವುದರಿಂದ ನಾನು ಹೇಳುವ ಕ್ರಮ ಹೀಗೆ: ತರಕಾರಿ ಸೂಪ್ ಒಂದೇ ಪಾತ್ರೆಯಲ್ಲಿ ಮೂವರಿಗೂ ಆಗಲಿ. ಕೋಳಿ ಬೇರೆ ಪಾತ್ರೆಯಲ್ಲಿ ಬೇಯಲಿ. ಅತ್ತೆಯ ಪಾಲು ತೆಗೆದಿಟ್ಟ ಮೇಲೆ ನಿಮ್ಮಿಬ್ಬರ ಪಾಲಿಗೆ ಕೋಳಿ ಸೇರಿಸಿ.

ಮೂವರಿಗೆ ಒಂದು ಮಧ್ಯಮ ಹೂಕೋಸು ಬೇಕು, ಬಿಡಿಸಿದ ಮೇಲೆ 400 ಗ್ರಾಂ ಬರುವಂಥದ್ದು. ಎಳೆ ಸೋರೆಕಾಯಿ 250 ಗ್ರಾಂ. ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಒಂದು ಇಂಚು ಶುಂಠಿ. ಹುರಿದು ಸಿಪ್ಪೆ ತೆಗೆದ ಶೇಂಗಾ 30 ಗ್ರಾಂ, ಅಂದರೆ ಮೂರು ದೊಡ್ಡ ಚಮಚ. ಒಂದು ಕಟ್ಟು ಪಾಲಕ್. ಒಂದು ದೊಡ್ಡ ಚಮಚ ತುಪ್ಪ ಅಥವಾ ಶೇಂಗಾ ಎಣ್ಣೆ. ಜೀರಿಗೆ, ಕಾಳು ಮೆಣಸು, ಅರಿಶಿನ, ಉಪ್ಪು, ಒಂದು ನಿಂಬೆಹಣ್ಣು.

ಹೂಕೋಸನ್ನು ಬಿಡಿಸಿ, ಅರಿಶಿನ, ಉಪ್ಪು ಹಾಕಿದ ಬಿಸಿ ನೀರಿನಲ್ಲಿ ಹತ್ತು ನಿಮಿಷ ಬಿಡಿ. ಒಳಗೆ ಹುಳ ಇದ್ದರೆ ಹೊರಗೆ ಬರುತ್ತವೆ. ಸೋರೆಕಾಯಿಯನ್ನು ಹೆಚ್ಚುವಾಗ ಒಂದು ಚಿಕ್ಕ ಹೋಳನ್ನು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಇಡೀ ಕಾಯನ್ನು ಎಸೆಯಿರಿ, ಬೇಯಿಸಿದರೆ ಹೋಗುತ್ತದೆ ಎಂದುಕೊಳ್ಳಬೇಡಿ. ಕಹಿ ಸೋರೆಕಾಯಿಯಲ್ಲಿ ವಿಷ ಇರುತ್ತದೆ. ಅದರ ರಸ ಕುಡಿದು ಸಾವಾದ ಪ್ರಕರಣಗಳು ನಮ್ಮ ದೇಶದಲ್ಲೇ ಇವೆ. ಶುಗರ್‌ಗೆ ಒಳ್ಳೆಯದು ಅಂತ ಕಹಿ ರಸವನ್ನು ಕಣ್ಣುಮುಚ್ಚಿ ಕುಡಿಯುವವರಿದ್ದಾರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ರುಚಿಯ ಗುಟ್ಟು ಮುಂದಿನ ಹೆಜ್ಜೆಯಲ್ಲಿದೆ, ಅದನ್ನು ಬಿಡಬೇಡಿ. ದಪ್ಪ ತಳದ ಬಾಣಲೆಯಲ್ಲಿ ಅರ್ಧ ಚಮಚ ತುಪ್ಪ ಕಾಯಿಸಿ ಹೂಕೋಸನ್ನು ಹರಡಿ. ಪದೇ ಪದೇ ಕೈಯಾಡಿಸಬೇಡಿ. ಒಂದು ಬದಿ ಕಂದು ಬಣ್ಣ ಬರುವವರೆಗೆ ಬಿಟ್ಟು, ಆಮೇಲೆ ತಿರುಗಿಸಿ. ಹಸಿ ಹೂಕೋಸನ್ನು ಸೀದಾ ನೀರಿಗೆ ಹಾಕಿ ಬೇಯಿಸಿದರೆ ಒಂದು ಥರ ವಾಸನೆ ಬರುತ್ತದೆ, ಎಷ್ಟು ಮಸಾಲೆ ಹಾಕಿದರೂ ಹೋಗಲ್ಲ. ಕಂದು ಬಂದರೆ ಅದೇ ಹೂಕೋಸಿಗೆ ಹುರಿದ ಗೋಡಂಬಿಯ ಥರದ ಪರಿಮಳ ಬರುತ್ತದೆ. ನಾಲ್ಕೈದು ಚಿಕ್ಕ ಹೂಗಳನ್ನು ಪಕ್ಕಕ್ಕೆ ತೆಗೆದಿಡಿ, ಕೊನೆಗೆ ಮೇಲೆ ಹಾಕೋಕೆ ಬೇಕು.

ಕುಕ್ಕರಿನಲ್ಲಿ ಉಳಿದ ತುಪ್ಪ ಹಾಕಿ ಜೀರಿಗೆ ಸಿಡಿಸಿ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಹಾಕಿ ಕೆಂಪಗೆ ಹುರಿಯಿರಿ. ಸೋರೆಕಾಯಿ, ಹೂಕೋಸು, ಚಿಟಿಕೆ ಅರಿಶಿನ, ಮೂರು ಲೋಟ ನೀರು ಹಾಕಿ ಎರಡು ವಿಷಲ್ ಕೂಗಿಸಿ. ಅದಕ್ಕಿಂತ ಜಾಸ್ತಿ ಬೇಡ. ಆರಿದ ಮೇಲೆ ಮುಕ್ಕಾಲು ಭಾಗ ತರಕಾರಿಯನ್ನು ಶೇಂಗಾ ಜೊತೆ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ. ಬಿಸಿ ಇರುವಾಗಲೇ ಮುಚ್ಚಳ ಹಾಕಿ ರುಬ್ಬಬೇಡಿ, ಆವಿಯ ಒತ್ತಡಕ್ಕೆ ಮುಚ್ಚಳ ಹಾರಿ ಮೈಮೇಲೆ ಸಿಡಿಯುತ್ತದೆ. ಉಳಿದ ಕಾಲು ಭಾಗ ಹೋಳು ಹಾಗೇ ಇರಲಿ. ಅಗಿಯೋಕೆ ಏನಾದರೂ ಇದ್ದರೆ ನಿಧಾನವಾಗಿ ತಿನ್ನುತ್ತೀರಿ.

ರುಬ್ಬಿದ್ದನ್ನು ಕುಕ್ಕರಿಗೆ ಸುರಿದು, ಬೇಕಾದಷ್ಟು ಬಿಸಿ ನೀರು ಸೇರಿಸಿ ಕುದಿಸಿ. ಮುಕ್ಕಾಲು ಟೀ ಚಮಚ ಉಪ್ಪು ಮೂವರಿಗೆ ಸಾಕು. ಸಣ್ಣಗೆ ಹೆಚ್ಚಿದ ಪಾಲಕ್ ಕೊನೆಯ ಎರಡು ನಿಮಿಷದಲ್ಲಿ ಬೀಳಲಿ. ಹೊಸದಾಗಿ ಕುಟ್ಟಿದ ಕಾಳು ಮೆಣಸು ಹಾಕಿ ಒಲೆ ಆರಿಸಿ. ನಿಂಬೆರಸ ಆಮೇಲೆ.

ಇದಿಷ್ಟೇ ಆದರೆ ತಲೆಗೆ ಸುಮಾರು 17-18 ಗ್ರಾಂ ಕಾರ್ಬ್, ಅದರಲ್ಲಿ ನಾರು 5-6 ಗ್ರಾಂ. ಪ್ರೋಟೀನ್ ಏಳೆಂಟು ಗ್ರಾಂ ಮಾತ್ರ. ಇನ್ನೂ ಊಟವಾಗಿಲ್ಲ. ಈಗ ಪ್ರೋಟೀನ್ ಸೇರಬೇಕು.

ನಿಮಗೂ ನಿಮ್ಮ ಯಜಮಾನರಿಗೂ ಕೋಳಿ ಆಗುವ ದಿನ ಮೂಳೆ ಸಮೇತ 350 ಗ್ರಾಂ ತನ್ನಿ. ಚಿಟಿಕೆ ಉಪ್ಪು, ಶುಂಠಿ, ಇಡೀ ಕಾಳು ಮೆಣಸು, ಎರಡು ಲವಂಗ ಹಾಕಿ ಬೇರೆ ಕುಕ್ಕರಿನಲ್ಲಿ ಮೂರು ವಿಷಲ್ ಕೂಗಿಸಿ. ನಾಟಿ ಕೋಳಿಯಾದರೆ ಆರೇಳು ಬೇಕಾಗುತ್ತದೆ. ಮಾಂಸವನ್ನು ಬಿಡಿಸಿ ಎಳೆ ಎಳೆ ಮಾಡಿ. ಆ ನೀರನ್ನು ಚೆಲ್ಲಬೇಡಿ, ನಿಮ್ಮ ಪಾಲಿನ ಸೂಪನ್ನು ತೆಳು ಮಾಡೋಕೆ ಅದನ್ನೇ ಬಳಸಿ. ತಲೆಗೆ 100 ಗ್ರಾಂ ಮಾಂಸ ಬಂದರೂ 20 ಗ್ರಾಂ ಪ್ರೋಟೀನ್ ಸಿಕ್ಕಿತು. ಕಾರ್ಬ್ ಒಂದು ಗ್ರಾಂ ಕೂಡ ಏರುವುದಿಲ್ಲ.

ಉಳಿದ ದಿನ ಮೊಟ್ಟೆ. ಇದು ತುಂಬ ಸುಲಭ, ನನಗೆ ಬಹಳ ಇಷ್ಟವಾದದ್ದು ಕೂಡ. ತಲೆಗೆ ಎರಡು ಮೊಟ್ಟೆ ಒಡೆದು ಚೆನ್ನಾಗಿ ಕಲಕಿ. ಅತ್ತೆಯ ಪಾಲು ತೆಗೆದಿಟ್ಟ ಮೇಲೆ, ನಿಮ್ಮಿಬ್ಬರ ಸೂಪ್ ಕುದಿಯುತ್ತಿರುವಾಗ ಸೌಟಿನಿಂದ ತಿರುಗಿಸುತ್ತಾ, ಮೊಟ್ಟೆಯನ್ನು ಸಣ್ಣ ಧಾರೆಯಾಗಿ ಬಿಡಿ. ನೂಲಿನ ಹಾಗೆ ಬೆಂದು ತೇಲುತ್ತದೆ. ಒಂದು ನಿಮಿಷ ಕುದಿದರೆ ಆಯಿತು. ಎರಡು ಮೊಟ್ಟೆಯಿಂದ 12 ಗ್ರಾಂ ಪ್ರೋಟೀನ್. ತರಕಾರಿ, ಶೇಂಗಾದಿಂದ ಬಂದದ್ದು ಸೇರಿದರೆ 20 ಗ್ರಾಂ ಹತ್ತಿರ. ಮೊಟ್ಟೆಯಿಂದ ಸೂಪಿಗೆ ಮೈಯೂ ಬರುತ್ತದೆ, ಕಾರ್ನ್‌ಫ್ಲೋರ್ ನೆನಪೇ ಆಗುವುದಿಲ್ಲ.

ಅತ್ತೆಯ ಬಟ್ಟಲಿಗೆ 75 ಗ್ರಾಂ ಪನೀರ್. ಇದರಿಂದ 13-14 ಗ್ರಾಂ ಪ್ರೋಟೀನ್ ಸಿಗುತ್ತದೆ. ಚಿಕ್ಕ ಚೌಕಗಳಾಗಿ ಕತ್ತರಿಸಿ, ತವೆಯ ಮೇಲೆ ಬೆಚ್ಚಗೆ ಮಾಡಿ ಹಾಕಿ. ಹಲ್ಲಿಗೆ ತೊಂದರೆ ಇದ್ದರೆ ಪುಡಿ ಮಾಡಿ ಉದುರಿಸಿ. ದಿನಾ ಪನೀರ್ ದುಬಾರಿ ಅನ್ನಿಸಿದರೆ ಸೋಯಾ ಚಂಕ್ಸ್ ಇದೆ. ಒಣಗಿದ್ದು 20 ಗ್ರಾಂ ತೆಗೆದುಕೊಂಡರೆ 10 ಗ್ರಾಂ ಪ್ರೋಟೀನ್, ಆರೇಳು ಗ್ರಾಂ ಕಾರ್ಬ್. ಬಿಸಿ ನೀರಿನಲ್ಲಿ ನೆನೆಸಿ, ಎರಡು ಸಲ ಹಿಂಡಿ, ಸಣ್ಣಗೆ ಹೆಚ್ಚಿ, ಸ್ವಲ್ಪ ಎಣ್ಣೆಯಲ್ಲಿ ಹುರಿದು ಹಾಕಿದರೆ ಹಸಿ ವಾಸನೆ ಇರಲ್ಲ. ಅತ್ತೆಗೆ ಶುಗರ್ ಇಲ್ಲದಿದ್ದರೆ, ತೂಕವೂ ಕಡಿಮೆ ಇದ್ದರೆ, ಅವರಿಗೆ ಕಾರ್ಬ್ ಕಡಿತ ಬೇಡವೇ ಬೇಡ. ಅದೇ ಸೂಪಿನ ಜೊತೆ ಅವರಿಗೆ ಅನ್ನವನ್ನೋ, ಜೋಳದ ರೊಟ್ಟಿಯನ್ನೋ ಕೊಡಿ. ಆ ವಯಸ್ಸಿನಲ್ಲಿ ಸೊಸೆಯ ಪಥ್ಯ ಅತ್ತೆಯ ಪಥ್ಯ ಆಗಬಾರದು. ಸ್ನಾಯು ಕರಗುವ ವಯಸ್ಸು ಅದು, ಹೊಟ್ಟೆ ತುಂಬ ತಿನ್ನಬೇಕು.

ಗಟ್ಟಿ ಮಾಡೋಕೆ ಹೂಕೋಸು ಒಂದೇ ಅಲ್ಲ. ನಿಮ್ಮ ಕಡೆ ಎಣ್ಣೆಗಾಯಿಗೆ ಗುರೆಳ್ಳು ಪುಡಿ, ಶೇಂಗಾ ಪುಡಿ ಹಾಕಿ ರಸ ಗಟ್ಟಿ ಮಾಡುತ್ತಾರಲ್ಲ, ಅದೇ ವಿದ್ಯೆ ಇಲ್ಲಿಗೂ ಸಾಕು. ಅಗಸೆ ಪುಡಿ ಇನ್ನೂ ಚೆನ್ನ. ಹುರಿದು ಪುಡಿ ಮಾಡಿದ ಅಗಸೆ ಒಂದು ದೊಡ್ಡ ಚಮಚ ಬಿಸಿ ಸೂಪಿಗೆ ಕಲಸಿದರೆ ಐದು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಅದರ ಕಾರ್ಬ್‌ನಲ್ಲಿ ಬಹುಪಾಲು ನಾರೇ. ತೆಂಗಿನಕಾಯಿ ರುಬ್ಬಿ ಹಾಕಬಹುದು. ಬಸಳೆ, ಬೆಂಡೆಕಾಯಿಯ ಲೋಳೆ ಕೂಡ ಸೂಪಿಗೆ ಮೈ ಕೊಡುತ್ತದೆ. ಬೇಡವಾದದ್ದು ಕಾರ್ನ್‌ಫ್ಲೋರ್, ಮೈದಾ, ಓಟ್ಸ್, ರಾಗಿ ಹಿಟ್ಟು, ಕಡಲೆ ಹಿಟ್ಟು. ರಾಗಿ ಸೂಪ್ ಶುಗರ್ ಇರುವವರಿಗೆ ಅಮೃತ ಎಂದು ಹೇಳುವುದನ್ನು ಕೇಳಿರುತ್ತೀರಿ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ನಾರು ಇದೆ, ಒಳ್ಳೆಯ ಧಾನ್ಯ. ಆದರೂ 100 ಗ್ರಾಂನಲ್ಲಿ 65 ಗ್ರಾಂಗೂ ಮೇಲೆ ಕಾರ್ಬ್ ಇದೆ. ಅದರಲ್ಲೂ ನುಣ್ಣನೆಯ ಹಿಟ್ಟನ್ನು ತೆಳ್ಳಗೆ ಕುದಿಸಿ ಕುಡಿದರೆ ಮುದ್ದೆಗಿಂತ ಬೇಗ ಶುಗರ್ ಏರಬಹುದು.

ಹೂಕೋಸು ತಿಂದರೆ ಹೊಟ್ಟೆ ಉಬ್ಬರಿಸುವವರು ಹೀರೇಕಾಯಿ, ಬೂದುಗುಂಬಳ ಬಳಸಿ. ಎರಡರಲ್ಲೂ 100 ಗ್ರಾಂಗೆ ಕಾರ್ಬ್ ಮೂರು ನಾಲ್ಕು ಗ್ರಾಂ ಅಷ್ಟೇ. ಹೀರೇಕಾಯಿಯನ್ನು ಸಿಪ್ಪೆ ಸಮೇತ ಬೇಯಿಸಿ ರುಬ್ಬಿ, ನಾರು ಜಾಸ್ತಿ ಸಿಗುತ್ತದೆ. ಅಣಬೆ ಸಿಕ್ಕರೆ ತಪ್ಪದೆ ಹಾಕಿ, ಕಾರ್ಬ್ ಬಹಳ ಕಡಿಮೆ, ಜೊತೆಗೆ ಮಾಂಸದ ಹತ್ತಿರದ ರುಚಿ. ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ಮೆಂತ್ಯ ಸೊಪ್ಪು ಯಾವುದೂ ಆದೀತು. ನುಗ್ಗೆ ಸೊಪ್ಪಿನಲ್ಲಿ ಮಾಂಸಕ್ಕಿಂತ ಪ್ರೋಟೀನ್ ಜಾಸ್ತಿ ಎಂಬ ಮಾತನ್ನು ಮಾತ್ರ ನಂಬಬೇಡಿ. ಅದು ಒಣಗಿಸಿದ ಪುಡಿಯ ಲೆಕ್ಕ. ಸೂಪಿಗೆ ಬೀಳುವ ಒಂದು ಹಿಡಿ ಹಸಿ ಸೊಪ್ಪಿನಿಂದ ಒಂದೆರಡು ಗ್ರಾಂ ಬಂದರೆ ಹೆಚ್ಚು.

ಬೇಸಿಗೆಯಲ್ಲಿ ಖಾರದ ಬಿಸಿ ಸೂಪ್ ಬೇಡ ಅನ್ನಿಸುತ್ತದೆ. ಆಗ ಬೂದುಗುಂಬಳದ ಮಜ್ಜಿಗೆ ಹುಳಿಯನ್ನೇ ಸ್ವಲ್ಪ ತೆಳ್ಳಗೆ ಮಾಡಿ ಬಟ್ಟಲಲ್ಲಿ ಹಾಕಿಕೊಂಡು ಕುಡಿಯಿರಿ. ನಮ್ಮ ಮಜ್ಜಿಗೆ ಹುಳಿ ಅನ್ನದ ಪಕ್ಕದಿಂದ ಎದ್ದು ಬಂದರೆ ಚೆಂದದ ಸೂಪ್ ಆಗುತ್ತದೆ. ನೆನೆಸಿದ ಕಡಲೆಬೇಳೆಯ ಬದಲು ತೆಂಗಿನಕಾಯಿ, ಶೇಂಗಾ, ಹಸಿಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ ಸೊಪ್ಪು ರುಬ್ಬಿ. ಒಂದು ಎಚ್ಚರ ಬೇಕು. ಕಡಲೆಬೇಳೆಯ ಪಿಷ್ಟ ಮೊಸರು ಒಡೆಯದಂತೆ ಹಿಡಿದಿಡುತ್ತಿತ್ತು. ಅದಿಲ್ಲದಿದ್ದರೆ ಮೊಸರು ಬೇಗ ಒಡೆಯುತ್ತದೆ. ಹುಳಿಯಾಗದ ಗಟ್ಟಿ ಮೊಸರನ್ನು ಚೆನ್ನಾಗಿ ಕಡೆದು, ಬೆಂದ ತರಕಾರಿಯ ಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪವೇ ಸೇರಿಸಿ, ಕೊನೆಗೆ ಪಾತ್ರೆಗೆ ಸುರಿಯಿರಿ. ಉರಿ ಸಣ್ಣದಿರಲಿ, ಕುದಿಯಲು ಬಿಡಬೇಡಿ, ಅಂಚಿನಲ್ಲಿ ನೊರೆ ಕಂಡರೆ ಇಳಿಸಿ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಹಾಕಿ. ಇದಕ್ಕೂ ಪನೀರ್ ಅಥವಾ ಬೇಯಿಸಿದ ಮೊಟ್ಟೆ ಬೇಕು, ಮೊಸರೊಂದರಿಂದ ಪ್ರೋಟೀನ್ ಸಾಲದು. 100 ಗ್ರಾಂ ಮೊಸರಿನಲ್ಲಿ ಸಿಗುವುದು ಮೂರೂವರೆ ಗ್ರಾಂ ಅಷ್ಟೇ.

ಉಪ್ಪಿನ ವಿಷಯ ಸ್ವಲ್ಪ ಹೇಳಲೇಬೇಕು. ಪಿಷ್ಟ ತೆಗೆದ ಸೂಪ್ ಮೊದಮೊದಲು ಸಪ್ಪೆ ಅನ್ನಿಸುತ್ತದೆ, ಕೈ ಸೀದಾ ಉಪ್ಪಿನ ಡಬ್ಬಕ್ಕೆ ಹೋಗುತ್ತದೆ. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ಸಾಕು, ಅಂದರೆ ಒಂದು ಟೀ ಚಮಚ. ಶುಗರ್ ಇರುವವರಿಗೆ ಬಿಪಿಯೂ ಜೊತೆಗೂಡುವುದು ಹೆಚ್ಚು, ಹಾಗಾಗಿ ಸಪ್ಪೆಗೆ ಉಪ್ಪಿನ ಬದಲು ಹುಳಿ ಸೇರಿಸಿ ನೋಡಿ. ನಿಂಬೆರಸ, ಒಂದು ಟೊಮೆಟೊ, ಚೂರು ಹುಣಸೆ ರಸ, ಯಾವುದಾದರೂ ಸರಿ. ಸುಟ್ಟ ಬೆಳ್ಳುಳ್ಳಿಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಅಂಗಡಿಯ ಸೂಪ್ ಪ್ಯಾಕೆಟ್ ಕೊಳ್ಳುವ ಮುನ್ನ ಹಿಂಬದಿ ಓದಿ. ತೂಕದಲ್ಲಿ ಯಾವುದು ಜಾಸ್ತಿಯೋ ಅದರ ಹೆಸರು ಮೊದಲು ಬರಬೇಕು ಎಂಬುದು ನಿಯಮ. ಮೊದಲ ಎರಡು ಮೂರು ಹೆಸರುಗಳಲ್ಲಿ ಪಿಷ್ಟ, ಮೈದಾ, ಸಕ್ಕರೆ, ಉಪ್ಪು ಕಂಡರೆ ಪ್ಯಾಕೆಟನ್ನು ಅಲ್ಲೇ ಇಟ್ಟು ಬನ್ನಿ.

ಕೆಲಸಕ್ಕೆ ಹೋಗಿ ಬಂದು ದಿನಾ ಇಷ್ಟೆಲ್ಲ ಮಾಡೋಕಾಗುತ್ತಾ ಅಂತ ಯೋಚನೆ ಬರಬಹುದು. ರುಬ್ಬಿದ ತರಕಾರಿಯನ್ನು ಸೊಪ್ಪು, ಮೊಟ್ಟೆ, ನಿಂಬೆರಸ ಸೇರಿಸದೆ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಬರುತ್ತದೆ. ಬೇಕಾದಷ್ಟನ್ನೇ ತೆಗೆದು, ಚೆನ್ನಾಗಿ ಕುದಿಸಿ, ಆಗ ಸೊಪ್ಪು, ಮೊಟ್ಟೆ ಹಾಕಿ. ಹತ್ತು ನಿಮಿಷದ ಕೆಲಸ.

ಏಳೂವರೆ, ಎಂಟಕ್ಕೆ ಈ ಸೂಪನ್ನು ಎರಡು ಬಟ್ಟಲು ತಿನ್ನಿ. ಚಮಚದಲ್ಲೇ ತಿನ್ನಿ, ಲೋಟಕ್ಕೆ ಸುರಿದು ಕುಡಿಯಬೇಡಿ. ಮೊದಲ ವಾರ ಹತ್ತಕ್ಕೆ ಕೈ ಮಂಡಕ್ಕಿ ಡಬ್ಬದ ಕಡೆ ಹೋಗಬಹುದು, ಅದು ಅಭ್ಯಾಸದ ಸೆಳೆತ. ನಿಜವಾಗಿ ಹಸಿವಾದರೆ ಒಂದು ಬೇಯಿಸಿದ ಮೊಟ್ಟೆ, ಇಲ್ಲವೇ ಒಂದು ಚಿಕ್ಕ ಹಿಡಿ ಹುರಿದ ಶೇಂಗಾ ಸೌತೆಕಾಯಿ ಜೊತೆ. ಅದೂ ಸಾಲದಿದ್ದರೆ ಮಾರನೇ ದಿನದಿಂದ ಸೂಪಿನ ಜೊತೆ ಅರ್ಧ ಜೋಳದ ರೊಟ್ಟಿ ಇಟ್ಟುಕೊಳ್ಳಿ. 40 ಗ್ರಾಂ ಹಿಟ್ಟಿನ ರೊಟ್ಟಿಯಲ್ಲಿ ಅರ್ಧ ಎಂದರೆ ಸುಮಾರು 14 ಗ್ರಾಂ ಕಾರ್ಬ್. ಮೊದಲು ಸೂಪು, ಕೊನೆಗೆ ರೊಟ್ಟಿ. ತರಕಾರಿ, ಪ್ರೋಟೀನ್ ಮೊದಲು ಹೊಟ್ಟೆಗೆ ಹೋದರೆ ಊಟದ ನಂತರ ಶುಗರ್ ಏರುವುದು ಕಡಿಮೆಯಾಗುತ್ತದೆ. ಹಸಿದುಕೊಂಡು ಮಲಗಿ, ಮೂರನೇ ದಿನ ಎಲ್ಲ ಬಿಟ್ಟುಬಿಡುವುದಕ್ಕಿಂತ ಅರ್ಧ ರೊಟ್ಟಿ ಎಷ್ಟೋ ಮೇಲು.

ಇನ್ನು ಬೆಳಗಿನ ಶುಗರ್. ಅದನ್ನು ನೋಡಿ ಸೂಪ್ ಕೆಲಸ ಮಾಡುತ್ತಿಲ್ಲ ಎಂದು ತೀರ್ಮಾನ ಮಾಡಬೇಡಿ. ಬೆಳಗಿನ ಜಾವ ಯಕೃತ್ತು ತಾನೇ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ, ಏನೂ ತಿನ್ನದಿದ್ದರೂ ಆ ಅಂಕಿ ಏರಿರಬಹುದು. ಸೂಪಿನ ಪರಿಣಾಮ ನೋಡಬೇಕಾದರೆ ಊಟ ಶುರು ಮಾಡಿದ ಎರಡು ಗಂಟೆಗೆ ಗ್ಲೂಕೋಮೀಟರ್‌ನಲ್ಲಿ ನೋಡಿ. ಹಳೆಯ ಸೂಪ್ ಕುಡಿದ ಒಂದು ದಿನ, ಹೊಸ ಸೂಪ್ ತಿಂದ ಒಂದು ದಿನ, ಎರಡನ್ನೂ ಬರೆದಿಡಿ. 180ಕ್ಕಿಂತ ಕೆಳಗಿರಬೇಕು ಎಂಬುದು ಸಾಮಾನ್ಯ ಗುರಿ. ಆ ಅಂಕಿಗಳನ್ನು ನಿಮ್ಮ ಡಾಕ್ಟರಿಗೆ ತೋರಿಸಿ.

ನೀವು ಮೆಟ್‌ಫಾರ್ಮಿನ್ ಮಾತ್ರ ತೆಗೆದುಕೊಳ್ಳುವುದರಿಂದ ಕಾರ್ಬ್ ಇಳಿಸಿದರೆ ಶುಗರ್ ಅಪಾಯದ ಮಟ್ಟಕ್ಕೆ ಕುಸಿಯುವ ಸಂಭವ ಕಡಿಮೆ. ಇದನ್ನು ಓದುತ್ತಿರುವ ಬೇರೆಯವರು ದಯವಿಟ್ಟು ಗಮನಿಸಿ. ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ತೆಗೆದುಕೊಳ್ಳುವವರು ರಾತ್ರಿಯ ಕಾರ್ಬನ್ನು ಒಮ್ಮೆಲೇ ಕಡಿಮೆ ಮಾಡಿದರೆ ನಿದ್ದೆಯಲ್ಲಿ ಶುಗರ್ ಕುಸಿಯಬಹುದು. ಡಾಕ್ಟರ್ ಹತ್ತಿರ ಮಾತ್ರೆಯ ಪ್ರಮಾಣ ಕೇಳಿಕೊಂಡೇ ಶುರು ಮಾಡಿ. ನಡುಕ, ಬೆವರು, ಎದೆ ಡವಡವ ಎಂದರೆ, ಶುಗರ್ 70ಕ್ಕಿಂತ ಕೆಳಗೆ ಬಂದರೆ, ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ಇರುವವರು ಕಾರ್ಬನ್ನು ತೀರಾ ಕಡಿಮೆ ಮಾಡಬಾರದು, ರಕ್ತದಲ್ಲಿ ಆಮ್ಲ ಸೇರುವ ಅಪಾಯವಿದೆ. ಕಿಡ್ನಿ ತೊಂದರೆ ಇರುವವರಿಗೆ ನಾನು ಹೇಳಿದ ಪ್ರೋಟೀನ್ ಲೆಕ್ಕ ಹೊಂದುವುದಿಲ್ಲ. ಕಿಡ್ನಿಯಲ್ಲಿ ಕಲ್ಲು ಆಗಿದ್ದವರು ಪಾಲಕ್ ಬದಲು ಮೆಂತ್ಯ ಸೊಪ್ಪು ಹಾಕಿಕೊಳ್ಳಿ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ದಿಢೀರನೆ ಏರಿಸಬೇಡಿ.

ಈ ವಾರ ಆಲೂಗಡ್ಡೆ, ಕಾರ್ನ್, ಕಾರ್ನ್‌ಫ್ಲೋರ್ ಮೂರನ್ನೂ ಸೂಪಿನಿಂದ ತೆಗೆಯಿರಿ, ಎರಡು ಮೊಟ್ಟೆ ಸೇರಿಸಿ. ಎರಡು ಗಂಟೆಯ ಅಂಕಿ ಎಷ್ಟು ಬಂತು, ಹತ್ತಕ್ಕೆ ಹಸಿವಾಯಿತೇ ಇಲ್ಲವೇ ಎಂಬುದನ್ನು ಬರೆದು ಕಳಿಸಿ. ಅದನ್ನು ನೋಡಿ ಮಧ್ಯಾಹ್ನದ ಊಟದ ಲೆಕ್ಕ ಹಾಕೋಣ.